ಹಸಿರು ಬೆಂಕಿಯ ಹಿತ್ತಲು

ಕಾಟನ್‌ಪೇಟೆ, ಬೆಂಗಳೂರು
೭ ಜುಲೈ ೨೦೨೪

ರಂಜಿ ಪುಟ್ಟಾ,

ಓದುವ ಮುಂಚೆ ಕಾಲು ಚಾಚಿ ಕುಳಿತುಕೋ. ಬೆನ್ನಿಗೊಂದು ದಿಂಬು ಇಟ್ಟುಕೋ. ಇಟ್ಟುಕೊಂಡೆಯಾ? ಸರಿ, ಈಗ ನಿನ್ನ ನಂದತ್ತೆ ಶುರು ಮಾಡುತ್ತಾಳೆ.

ಫೋನು ಮಾಡಬಹುದಿತ್ತು. ಆದರೆ ನಾನು ಹತ್ತು ಮಾತಾಡಿದರೆ ನೀನು ‘ಹ್ಞೂಂ’ ಎಂದು ಮುಗಿಸುತ್ತೀಯ. ಬರೀ ‘ಹ್ಞೂಂ’ ಎಂದು ಬರೆದು ಅಂಚೆಗೆ ಹಾಕಲು ನಿನಗೂ ನಾಚಿಕೆಯಾದೀತು. ಅಲ್ಲದೆ ನಾನು ಸ್ಕೂಲಿಗೆ ಹೋದವಳಲ್ಲ. ಅಂಗಡಿ ಬೋರ್ಡುಗಳನ್ನೂ, ಹಳೇ ಸೀರೆ ಸುತ್ತಿಕೊಂಡು ಬರುತ್ತಿದ್ದ ಪೇಪರುಗಳನ್ನೂ ಅಕ್ಷರ ಕೂಡಿಸಿ ಕೂಡಿಸಿ ಓದುತ್ತಾ ಕಲಿತವಳು. ಕಲಿತದ್ದನ್ನು ಎಲ್ಲಾದರೂ ಖರ್ಚು ಮಾಡಬೇಡವೇ?

ವಿಷಯ ಇಷ್ಟೇ. ಅಕ್ಟೋಬರ್ ಕೊನೆಗೆ ಎಂದು ಡಾಕ್ಟರು ಹೇಳಿದ್ದಾರಂತೆ. ಚೊಚ್ಚಲ ಹೆರಿಗೆ ತವರಿನಲ್ಲಿ. ವಿಜಯದಶಮಿ ಮುಗಿದ ಮಾರನೇ ದಿನ ಅಳಿಯ ಕೈಲಾಸ್ ನಿನ್ನನ್ನು ತುಮಕೂರಿನಿಂದ ಕರೆತಂದು ಬಿಟ್ಟು ಹೋಗಲಿ. ಮಹಡಿಯ ಕೋಣೆಗೆ ಸುಣ್ಣ ಹೊಡೆಸುತ್ತಿದ್ದೇನೆ. ಕೊಬ್ಬರಿ, ಅಂಟು, ಒಣಶುಂಠಿ, ಬಜೆ ಎಲ್ಲ ತಂದಿಟ್ಟಾಯಿತು. ನಿನ್ನ ತಾಯಿ ತೀರಿಕೊಂಡಾಗ ನಿನಗೆ ಆರು ವರ್ಷ. ನಾನು ನಿನ್ನನ್ನು ಕೈಗೆತ್ತಿಕೊಂಡದ್ದು ಆಮೇಲೆ. ಅದಕ್ಕಿಂತ ಚಿಕ್ಕ ಮಗುವನ್ನು ನಾನು ಸಾಕಿದವಳಲ್ಲ. ಹೀಗಾಗಿ ಎಳೆಗೂಸಿಗೆ ನೀರು ಹಾಕುವುದು ಹೇಗೆಂದು ಓಣಿಯ ಸೂಲಗಿತ್ತಿ ಮುದುಕಿಯನ್ನು ಕೇಳಲು ಹೋಗಿದ್ದೆ.

“ಯಾರ್ದಮ್ಮ ಬಾಣಂತನ?” ಅಂದಳು.

“ನನ್ ಮಗಳದು” ಅಂದೆ. ಬಾಯಿ ತಪ್ಪಿ ಬಂತೋ ಏನೋ. ಮುದುಕಿ ತಿದ್ದಲಿಲ್ಲ. ನಾನೂ ತಿದ್ದಿಕೊಳ್ಳಲಿಲ್ಲ.

ಸುಣ್ಣ ಹೊಡೆಯುವಾಗ ಮಹಡಿಯ ಕಿಂಡಿಯಿಂದ ನಮ್ಮ ಹಿತ್ತಲು ನೋಡುತ್ತಾ ನಿಂತೆ. ನೆನಪಿದೆಯೇ, ಆ ಕಾಲದಲ್ಲಿ ನಮ್ಮ ಓಣಿಯವರು ಮಲ್ಲೇಶ್ವರ, ಬಸವನಗುಡಿ, ಗವಿಪುರಂ ಸುತ್ತಿ “ಹಳೇ ಜರಿ ಸೀರೇ!” ಎಂದು ಕೂಗಿ ಗಂಟು ತರುತ್ತಿದ್ದರು. ಜಗಲಿಯಲ್ಲಿ ಕುಳಿತು ನಾನು ಅಂಚು, ಸೆರಗು ಕತ್ತರಿಸುತ್ತಿದ್ದೆ. ಯಾರ ಧಾರೆಯದೋ, ಯಾರ ಸೀಮಂತದ್ದೋ. ಕೆಲವಕ್ಕೆ ಅರಿಶಿನದ ಕಲೆ ಇನ್ನೂ ಹೋಗಿರುತ್ತಿರಲಿಲ್ಲ. ಹಿತ್ತಲಿನ ಒಲೆಯಲ್ಲಿ ನನ್ನ ತಮ್ಮ, ನಿಮ್ಮಪ್ಪ, ಅದನ್ನು ಸುಟ್ಟು, ಬೂದಿ ತೊಳೆದು, ಮೂಸೆಯಲ್ಲಿ ಕರಗಿಸಿದರೆ ತಳದಲ್ಲಿ ಬೆಳ್ಳಿ ಹೊಳೆಯುತ್ತಿತ್ತು. ರೇಷ್ಮೆ ಸುಡುವಾಗ ಕೂದಲು ಸುಟ್ಟ ವಾಸನೆ. ಅದೇ ನಮ್ಮ ಮನೆಯ ವಾಸನೆ. ಜರಿಯಲ್ಲಿ ತಾಮ್ರ ಬೆರೆತಿದ್ದರೆ ಬೆಂಕಿ ಹಸಿರಾಗುತ್ತಿತ್ತು. ನಿಮ್ಮಪ್ಪನಿಗೆ ಮುಖ ಸಣ್ಣಗಾಗುತ್ತಿತ್ತು, ಬೆಳ್ಳಿ ಕಡಿಮೆ ಅಂತ. ನಿನಗೆ ಹಬ್ಬ. ಅಮ್ಮ ಬೇಕು ಎಂದು ನೀನು ಹಟ ಹಿಡಿದಾಗಲೆಲ್ಲ ಸೊಂಟದ ಮೇಲೆ ಕೂರಿಸಿಕೊಂಡು ಆ ಹಸಿರು ಬೆಂಕಿ ತೋರಿಸುತ್ತಿದ್ದೆ. ಅಳು ಟಪ್ಪನೆ ನಿಲ್ಲುತ್ತಿತ್ತು.

ನಿನ್ನ ಮಗುವಿಗೂ ತೋರಿಸುತ್ತೇನೆ.

ದಾರಿ ಕಾಯುವ
ನಂದತ್ತೆ

*

ತುಮಕೂರು
೧೯ ಜುಲೈ ೨೦೨೪

ನಂದತ್ತೆ,

ದಿಂಬು ಇಟ್ಟುಕೊಂಡೇ ಓದಿದೆ. ‘ನನ್ ಮಗಳದು’ ಎಂಬಲ್ಲಿಗೆ ಬಂದಾಗ ಎದ್ದು ಅಡುಗೆಮನೆಗೆ ಹೋಗಿ ನೀರು ಕುಡಿದು ಬಂದೆ. ಅದಕ್ಕೇ ಉತ್ತರ ತಡವಾಯಿತು. ಬರೆಯಬೇಕಾದದ್ದನ್ನು ಬರೆಯಲು ಮನಸ್ಸು ಬರುತ್ತಿಲ್ಲ.

ಅತ್ತೆ, ನಾನು ಅಲ್ಲಿಗೆ ಬರಲಾರೆ.

ಚಿಕ್ಕಂದಿನಿಂದ ನನಗಿದ್ದ ಉಬ್ಬಸ ನಿನಗೆ ಗೊತ್ತು. ಇಲ್ಲಿಗೆ ಬಂದಮೇಲೆ ನನ್ನ ಉಸಿರಿನ ಪಂಪು ಅಲಮಾರಿಯಲ್ಲೇ ಬಿದ್ದಿದೆ. ಆದರೆ ಯುಗಾದಿಗೆ ಅಲ್ಲಿಗೆ ಬಂದಾಗ ಏನಾಯಿತೆಂದು ನೆನಪಿಸಿಕೋ. ನಾನು ಮೆಟ್ಟಿಲ ಮೇಲೆ ಕುಳಿತು ಮೀನಿನ ಹಾಗೆ ಬಾಯಿ ತೆರೆಯುತ್ತಿದ್ದೆ, ನೀನು ಬೆನ್ನು ಉಜ್ಜುತ್ತಿದ್ದೆ. ಹೋದ ವಾರ ಡಾಕ್ಟರು, “ತವರಲ್ಲಿ ಏನಾದ್ರೂ ಸುಡ್ತಾರೇನಮ್ಮ?” ಎಂದರು. “ಇಲ್ಲ ಡಾಕ್ಟ್ರೇ, ಹಂಡೆ ಒಲೆ ಅಷ್ಟೇ” ಅಂದೆ. ಕೈಲಾಸ್ ಪಕ್ಕದಲ್ಲೇ ಕುಳಿತಿದ್ದರು. “ಸುಳ್ಳು ಹೇಳ್ತಿದಾಳೆ ಮೇಡಂ” ಎಂದು ಎಲ್ಲವನ್ನೂ ಹೇಳಿಬಿಟ್ಟರು.

ಈಗಿನ ಸೀರೆಯ ಜರಿ ಅರ್ಧಕ್ಕರ್ಧ ಪ್ಲಾಸ್ಟಿಕ್ ಅಂತೆ. ಅಪ್ಪ ಈಚೆಗೆ ಗುಜರಿಯ ವೈರುಗಳನ್ನೂ ಸುಡುತ್ತಾನಲ್ಲ, ಆ ಪ್ಲಾಸ್ಟಿಕ್ಕೂ ತಾಮ್ರವೂ ಒಟ್ಟಿಗೆ ಸುಟ್ಟರೆ ಹುಟ್ಟುವ ವಿಷ ಗಾಳಿಯಲ್ಲಿ ಕರಗಿಹೋಗುವುದಿಲ್ಲವಂತೆ. ಮಣ್ಣಿಗಿಳಿದು, ಹಸುವಿನ ಹಾಲಿಗೆ ಬಂದು, ಕೊನೆಗೆ ತಾಯಿಯ ಹಾಲಿಗೂ ಬರುತ್ತದಂತೆ. ಅದನ್ನು ಕೇಳಿದಾಗಿನಿಂದ ಹಸಿರು ಬೆಂಕಿ ನೆನಪಾದರೆ ಮೊದಲಿನ ಹಾಗೆ ಖುಷಿಯಾಗುತ್ತಿಲ್ಲ. ಅದಕ್ಕೆ ನನಗೂ ಬೇಜಾರಿದೆ. ನನ್ನ ಹತ್ತಿರ ಇದ್ದ ಒಳ್ಳೆಯ ನೆನಪುಗಳಲ್ಲಿ ಅದೇ ದೊಡ್ಡದು.

ಒಂದು ಮಾತು ಕೇಳುತ್ತೇನೆ. ಅಮ್ಮನಿಗೂ ಹೀಗೇ ಉಸಿರು ಕಟ್ಟುತ್ತಿತ್ತೇ? ಹೇಳುವುದು ಬೇಡ ಅನ್ನಿಸಿದರೆ ಬರೆಯಬೇಡ.

ಬೈಯದಿರು.

ನಿನ್ನ ರಂಜಿ

*

ಕಾಟನ್‌ಪೇಟೆ
೪ ಆಗಸ್ಟ್ ೨೦೨೪

ರಂಜಿ,

ಬೈಯಲು ನನಗೇನು ಹುಚ್ಚೇ? ನೀನು ಕೇಳಿದ್ದನ್ನೆಲ್ಲ ಓದಿದೆ.

ಕಾಗದವನ್ನು ನಿಮ್ಮಪ್ಪನ ಮುಂದೆ ಇಟ್ಟೆ. ಕನ್ನಡಕ ಹಾಕಿಕೊಂಡು ಓದಿ, ಕನ್ನಡಕ ತೆಗೆದು ಇನ್ನೊಂದು ಸಲ ಓದಿದ. ಆಮೇಲೆ ಶುರು:

“ಇದೇ ಹೊಗೇಲಿ ಬೆಳೆದೋಳು. ಇದೇ ಹೊಗೇಲಿ ಓದಿ ಟೀಚರಾದೋಳು. ಈಗ ತುಮಕೂರಿನ ಗಾಳಿ ಕುಡಿದಮೇಲೆ ನಮ್ದು ವಿಷ ಆಗೋಯ್ತಾ?”

“ಶಂಭು, ಅವಳು ನಿನ್ನ ಬೈದಿಲ್ಲ ಕಣೋ.”

“ಬೈದಿದ್ರೆ ಚೆನ್ನಾಗಿತ್ತು.”

ಮೂರನೇ ದಿನ ಎಲ್ಲಿಂದಲೋ ತಗಡಿನ ಕೊಳವೆ ಹೊತ್ತು ತಂದ. ಇದ್ದ ಹೊಗೆಕೊಳವೆಯ ಮೇಲೆ ಇನ್ನೊಂದು, ಅದರ ಮೇಲೆ ಮತ್ತೊಂದು. ಕೊನೆಯ ತುದಿಯನ್ನು ಪಕ್ಕದ ಕಟ್ಟಡದ ಗೋಡೆಗೆ ತಂತಿಯಿಂದ ಬಿಗಿದು ಕೆಳಗಿಳಿದು, “ಇನ್ನು ಹೊಗೆ ಮೋಡಕ್ಕೆ. ಬರೀ ಅವಳಿಗೆ, ಬಂದ್ಬಿಡು ಅಂತ” ಅಂದ. ನಿಜ ಹೇಳುತ್ತೇನೆ, ನಮ್ಮ ಹಿತ್ತಲಿನಲ್ಲಿ ಒಂದು ಎಳೆ ಹೊಗೆ ಇಲ್ಲ. ನನಗೆ ಕುಣಿಯುವಷ್ಟು ಖುಷಿ.

ಖುಷಿ ಮಧ್ಯಾಹ್ನದವರೆಗೆ. ಪಕ್ಕದ ಕಟ್ಟಡದ ಮೇಲಿನ ಮನೆಯಲ್ಲಿರುವ ತ್ರಿಪುರಸುಂದರಮ್ಮನವರು ತಾರಸಿಯಲ್ಲಿ ಸಂಡಿಗೆ ಒಣಹಾಕಿದ್ದರು. ತಟ್ಟೆ ಸಮೇತ ನಮ್ಮ ಜಗಲಿಗೇ ಬಂದರು. ಬಿಳಿ ಸಂಡಿಗೆಯ ಮೇಲೆಲ್ಲ ಕಪ್ಪು ಚುಕ್ಕಿ.

“ಮಹಾನಂದಮ್ಮ, ಎಳ್ಳು ಹಾಕಿ ಮಾಡಿದೀನಿ, ರುಚಿ ನೋಡ್ತೀರಾ?”

“ಕ್ಷಮಿಸಿ, ನಮ್ಮ ಹುಡುಗಿ ಹೆರಿಗೆಗೆ ಬರ್ತಿದಾಳೆ, ಅವಳಿಗೆ ಹೊಗೆ ಆಗಲ್ಲ ಅಂತ…”

“ನಿಮ್ಮ ಹುಡುಗಿಗೆ ಆದ್ರೆ ಹೊಗೆ, ನಮಗಾದ್ರೆ ಸಾಂಬ್ರಾಣಿನಾ?”

ನಿಮ್ಮಪ್ಪ ಒಳಗಿನಿಂದ, “ಕಿಟಕಿ ಹಾಕ್ಕೊಳ್ಳೋಕೆ ಹೇಳು!” ಎಂದು ಕೂಗಿದ. ಅವರು ತಟ್ಟೆಯನ್ನು ಜಗಲಿಯಲ್ಲೇ ಇಟ್ಟು ಹೋದರು. ಕೆಟ್ಟದ್ದೆಂದರೆ, ಆ ಸಂಡಿಗೆ ಹಸಿಯಲ್ಲೇ ಬಹಳ ಚೆನ್ನಾಗಿತ್ತು. ಅಂಚಿನಲ್ಲಿ ಬೆಳ್ಳಗಿದ್ದ ಒಂದನ್ನು ಬಾಯಿಗೆ ಹಾಕಿಕೊಂಡಿದ್ದೆ.

ಈಗ ಕೊಳವೆ ಕೆಳಗಿಳಿದಿದೆ. ನೀನು ಬರುವುದಿಲ್ಲವೆಂದು ಮನಸ್ಸು ಗಟ್ಟಿಮಾಡಿಕೊಳ್ಳಬೇಡ. ಇನ್ನೂ ಸಮಯವಿದೆ, ಏನಾದರೂ ಮಾಡುತ್ತೇವೆ.

ಸಂಡಿಗೆ ಕದ್ದ
ನಂದತ್ತೆ

*

ತುಮಕೂರು
೧೩ ಆಗಸ್ಟ್ ೨೦೨೪

ಅತ್ತೆ,

ನಕ್ಕು ನಕ್ಕು ಹೊಟ್ಟೆಯೊಳಗಿನದೂ ಒದೆಯಿತು. ಆಮೇಲೆ ನಗು ನಿಂತುಹೋಯಿತು. ಕೊಳವೆ ಎತ್ತರವಾದರೆ ಹೊಗೆ ಕಮ್ಮಿಯಾಗುವುದಿಲ್ಲ, ವಿಳಾಸ ಬದಲಾಗುತ್ತದೆ ಅಷ್ಟೆ.

ಅಪ್ಪನಿಗೆ ನನ್ನ ಮೇಲೆ ಸಿಟ್ಟೇ? ಒಂದೇ ಒಂದು ಸಾಲು ಅವನ ಕೈಯಿಂದ ಬರೆಸು.

ರಂಜಿ

*

ಕಾಟನ್‌ಪೇಟೆ
೧೦ ಸೆಪ್ಟೆಂಬರ್ ೨೦೨೪

ರಂಜಿ ಪುಟ್ಟಾ,

ಕುಳಿತಿದ್ದರೆ ಎದ್ದು ನಿಂತು ಓದು. ನಮ್ಮ ಹಿತ್ತಲಿನಲ್ಲಿ ಒಲೆ ಇಲ್ಲ!

ಟೆಂಪೋ ವರದರಾಜ ಎಂದು ಒಬ್ಬನಿದ್ದಾನೆ, ಗುಜರಿ ಸಾಗಿಸುವವನು. ಮೈಸೂರು ರಸ್ತೆಯಲ್ಲಿ ಊರು ದಾಟಿದ ಮೇಲೆ, ಕಸ ತಂದು ಸುರಿಯುವ ಹಳ್ಳದ ಪಕ್ಕ ಅವನದೊಂದು ಶೆಡ್ಡು. ವಾರಕ್ಕೆರಡು ಸಲ ನಮ್ಮ ಮೂಟೆಗಳನ್ನು ಒಯ್ದು ಅಲ್ಲೇ ಸುಟ್ಟು, ಬೂದಿ ಮಾತ್ರ ತಂದುಕೊಡುತ್ತಾನೆ. “ಅಲ್ಲಿ ಯಾರೂ ಇಲ್ಲ, ಬರೀ ಕಸ” ಎಂದ. ನಿಮ್ಮಪ್ಪ ಮೊದಮೊದಲು ಗೊಣಗಿದ. ನಮ್ಮಪ್ಪನ ಕಾಲದ ಒಲೆ, ಒಂದು ದಿನ ಬೆಂಕಿ ಕಾಣದೆ ಇದ್ದದ್ದಿಲ್ಲ ಎಂದ. ಆಮೇಲೆ ಗೌರಿ ಹಬ್ಬದ ಹಿಂದಿನ ದಿನ ತಾನೇ ಹಾರೆ ಹಿಡಿದು ಇಟ್ಟಿಗೆ ಕಿತ್ತ.

ಹಿತ್ತಲು ತೊಳೆದೆವು. ಗೋಡೆಯ ಕಪ್ಪು ಹೋಗಲಿಲ್ಲ, ಬಿಡು. ಆದರೆ ಬೆಳಗ್ಗೆ ಬಾಗಿಲು ತೆಗೆದರೆ ಮಾರ್ಕೆಟ್ಟಿಗೆ ಹೋಗುವ ಹೂವಿನ ಗಂಟುಗಳ ವಾಸನೆ ಓಣಿಯೊಳಗೆ ಬರುತ್ತದೆ. ಇಷ್ಟು ವರ್ಷ ಅದೂ ಈ ಓಣಿಯಲ್ಲೇ ಇತ್ತಂತೆ, ನಮಗೆ ಗೊತ್ತೇ ಇರಲಿಲ್ಲ! ತ್ರಿಪುರಸುಂದರಮ್ಮ ಮೇಲಿನಿಂದಲೇ, “ಸಂಡಿಗೆ ಡಬ್ಬಿ ಕಳಿಸ್ಲಾ?” ಎಂದರು. ನೋಡು, ನಿನ್ನ ಮಗು ಬರುವ ಮುಂಚೆಯೇ ಎಷ್ಟು ರಾಜಿ ಮಾಡಿಸಿತು.

ನಿಮ್ಮಪ್ಪ ಒಂದು ಸಾಲು ಬರೆಯುತ್ತಾನೆ ಎಂದು ಪೆನ್ನು ಕೊಟ್ಟೆ. ‘ರಂಜಿ’ ಎಂದು ಬರೆದು ಬಹಳ ಹೊತ್ತು ಕುಳಿತ. “ಮಿಕ್ಕಿದ್ದು ನೀನೇ ಬರಿ” ಎಂದು ಎದ್ದುಹೋದ. ಆ ‘ರಂಜಿ’ ಈ ಕಾಗದದ ಹಿಂಬದಿಯಲ್ಲಿದೆ.

ಈಗ ಬರುತ್ತೀ ತಾನೇ?

ನಂದತ್ತೆ

*

ತುಮಕೂರು
೧೮ ಸೆಪ್ಟೆಂಬರ್ ೨೦೨೪

ನಂದತ್ತೆ,

ಬರುತ್ತೇನೆ, ಬರುತ್ತೇನೆ, ಬರುತ್ತೇನೆ!

ಡಾಕ್ಟರೂ ಒಪ್ಪಿದರು. ಅಕ್ಟೋಬರ್ ಹದಿಮೂರಕ್ಕೆ ಕೈಲಾಸ್ ಕರೆತರುತ್ತಾರೆ. ಹಿಂಬದಿಯ ‘ರಂಜಿ’ಯನ್ನು ನಮ್ಮತ್ತೆಯವರಿಗೂ ತೋರಿಸಿದೆ. “ನಿಮ್ಮಪ್ಪನ ಅಕ್ಷರ ಇಷ್ಟು ಚೆಂದವಾ?” ಎಂದರು. ಅಪ್ಪನ ಅಕ್ಷರ ನಾನೂ ನೋಡಿದ್ದು ಇದೇ ಮೊದಲು ಎಂದು ಹೇಳಲಿಲ್ಲ.

ಬಾಣಂತಿ ಕೋಣೆಯಲ್ಲಿ ನೀನು ನನ್ನ ಪಕ್ಕದಲ್ಲೇ ಮಲಗಬೇಕು. ಚಿಕ್ಕಂದಿನಲ್ಲಿ ಹೇಳುತ್ತಿದ್ದೆಯಲ್ಲ, ಯಾರ ಸೀರೆ ಯಾವ ಮದುವೆಯದೆಂದು ನೀನೇ ಕಟ್ಟಿ ಹೇಳುತ್ತಿದ್ದ ಕಥೆಗಳು, ಅವನ್ನು ಒಂದೊಂದಾಗಿ ಮತ್ತೆ ಹೇಳಬೇಕು.

ನಿನ್ನ ರಂಜಿ

*

ಕಾಟನ್‌ಪೇಟೆ
೬ ಅಕ್ಟೋಬರ್ ೨೦೨೪

ರಂಜಿ,

ಇದನ್ನು ಕುಳಿತುಕೊಂಡು ಓದು. ಕೈಲಾಸ್ ಮನೆಯಲ್ಲಿರುವಾಗ ಓದು.

ನೀನು ಬರುವ ಮುಂಚೆ ಒಂದು ಸಲ ಆ ಜಾಗ ನೋಡಿಬರೋಣ ಎನ್ನಿಸಿತು. ಐವತ್ತು ವರ್ಷ ಕಣ್ಣೆದುರು ಇದ್ದ ಬೆಂಕಿ ಈಗ ಹೇಗಿದೆಯೋ ಎಂಬ ಹಂಬಲ, ಅಷ್ಟೇ. ವರದರಾಜನ ಟೆಂಪೋದಲ್ಲಿ ಮೂಟೆಗಳ ಜೊತೆ ಕುಳಿತು ಹೋದೆ. ಅವನಿಗೆ ಇಷ್ಟವಿರಲಿಲ್ಲ. “ಅಲ್ಲೇನಿದೆ ಅಮ್ಮಾ ನೋಡೋಕೆ?” ಎಂದು ದಾರಿಯುದ್ದಕ್ಕೂ ಹೇಳಿದ.

ಹಳ್ಳ ಎಂದನಲ್ಲ, ಈಗ ಅದು ಗುಡ್ಡ. ಬೆಂಗಳೂರಿನ ಎಲೆ, ಚೀಲ, ಚಪ್ಪಲಿ ಎಲ್ಲ ಅಲ್ಲಿದೆ. ಯಾರೂ ಹಚ್ಚದೆಯೇ ಒಳಗಿಂದೊಳಗೆ ಹೊಗೆಯಾಡುತ್ತದೆ. ಬುಡದಲ್ಲಿ ಕಾಫಿ ಬಣ್ಣದ ನೀರು. ಅದರ ಪಕ್ಕದಲ್ಲೇ ಟಾರ್ಪಾಲಿನ ಗುಡಿಸಲುಗಳು. ಯಾರೂ ಇಲ್ಲ ಎಂದಿದ್ದ. ಪ್ಲಾಸ್ಟಿಕ್ಕು, ಗಾಜು, ತಗಡು ಬೇರೆ ಬೇರೆ ಮಾಡಿ ಮಾರುವವರು ಅಲ್ಲೇ ಸಂಸಾರ ಹೂಡಿದ್ದಾರೆ.

ಶೆಡ್ಡಿನ ಕಂಬಕ್ಕೆ ಒಂದು ಜೋಲಿ ಕಟ್ಟಿತ್ತು. ನಾನು ಅಂಚು ಕತ್ತರಿಸಿದ ಸೀರೆಯದು. ನನ್ನ ಕತ್ತರಿಯ ಓಟ ನನಗೆ ತಿಳಿಯದೇ? ಒಳಗೆ ಆರೇಳು ತಿಂಗಳ ಕೂಸು. ಕಣ್ಣ ಸುತ್ತ ಕೆಂಪು, ಉಸಿರಿಗೊಮ್ಮೆ ಸಿಳ್ಳೆ. ಆ ಸಿಳ್ಳೆಯನ್ನು ನಾನು ಬೇರೆ ಎಲ್ಲಿ ಕೇಳಿದ್ದೆನೆಂದು ನಿನಗೆ ಬರೆಯಬೇಕಾಗಿಲ್ಲ. ನಿನ್ನ ಅಮ್ಮನ ಬಗ್ಗೆ ನೀನು ಕೇಳಿದ್ದಕ್ಕೂ ಅದೇ ಉತ್ತರ.

ನಾನು ಮೂಗಿಗೆ ಸೆರಗು ಹಿಡಿದಿದ್ದೆ. ತಾಯಿ, ನಿನಗಿಂತ ಚಿಕ್ಕವಳು, ನಕ್ಕಳು. “ಅಜ್ಜೀ, ಎಲ್ಡು ದಿನ ಇದ್ರೆ ಅಭ್ಯಾಸ ಆಗೋಯ್ತದೆ.”

“ಮಗೂಗೆ ಹುಷಾರಿಲ್ವೇನಮ್ಮ?”

“ಸೀತ. ಹುಟ್ಟಿದಾಗ್ಲಿಂದ್ಲೂ ಐತೆ. ನಿಮ್ ಮೂಟೆ ಬರೋ ದಿನ ಮಾತ್ರ ಖುಸಿ ನೋಡಿ ಇವ್ನಿಗೆ. ಬೆಂಕಿ ಹಸ್ರಾಗ್ತದಲ್ಲ? ಎತ್ಕೊಂಡು ತೋರುಸ್ತೀನಿ, ಅಳು ನಿಲ್ಲುಸ್ತಾನೆ.”

ಅವಳು ತೋರಿಸಿದಳು. ಸೊಂಟದ ಮೇಲೆ ಕೂರಿಸಿಕೊಂಡು, ನಾನು ನಿನ್ನನ್ನು ಹಿಡಿಯುತ್ತಿದ್ದ ಹಾಗೆಯೇ, ಒಂದು ಕೈ ಬೆನ್ನಿಗೆ, ಒಂದು ಕೈ ಮಂಡಿಯ ಕೆಳಗೆ. ನಮ್ಮ ಬೆಂಕಿ ಹಸಿರಾಗಿ ಉರಿಯಿತು. ಕೂಸು ಸುಮ್ಮನಾಯಿತು. ನಾನು ಟೆಂಪೋದ ಕಡೆಗೆ ನಡೆದುಬಿಟ್ಟೆ.

ಮನೆಗೆ ಬಂದು ನಿಮ್ಮಪ್ಪನಿಗೆ ಹೇಳಿದೆ. “ಶಂಭು, ಬೆಂಕಿ ವಾಪಸ್ ತಾ.”

“ತಲೆ ಕೆಟ್ಟಿದೆಯಾ ಅಕ್ಕ? ರಂಜಿ ಬರೋ ಹೊತ್ನಲ್ಲಿ?”

“ಅಲ್ಲೊಂದು ಕೂಸಿದೆ.”

“ಊರು ತುಂಬಾ ಕೂಸಿವೆ. ಎಲ್ಲೂ ಸುಡಬೇಡ ಅಂತೀಯಾ? ಹೇಳ್ಬಿಡು. ನಾಳೆಯಿಂದ ಏನು ತಿನ್ನೋಣ?”

“ಬಿಟ್ಬಿಡು ಅಂತ ಹೇಳೋ ಧೈರ್ಯ ನನಗಿಲ್ಲ. ಸುಡೋದಾದ್ರೆ ನಮ್ಮ ಹಿತ್ತಲಲ್ಲಿ ಸುಡು. ನಾವು ತಿನ್ನೋ ಅನ್ನದ ಹೊಗೆ ನಾವೇ ಕುಡಿಯೋಣ.”

ಅವನು ನನ್ನನ್ನೇ ನೋಡಿದ. “ನಿನಗೆ ಬಾಣಂತನ ಬೇಡ್ವಾ?” ಎಂದ.

ಬೇಕು, ರಂಜಿ. ಸುಣ್ಣದ ಕೋಣೆಯಲ್ಲಿ ಹಾಸಿಗೆ ಹಾಸಿ ಆಗಿದೆ. ಇಟ್ಟಿಗೆಗಳು ಮೂಲೆಯಲ್ಲೇ ಇದ್ದವು. ಸಿಟ್ಟಿನಲ್ಲಿ ಒಂದೇ ದಿನಕ್ಕೆ ಒಲೆ ಕಟ್ಟಿದ. ನಿನ್ನೆಯಿಂದ ಉರಿಯುತ್ತಿದೆ.

ನೀನು ಬರಬೇಡ, ಮಗಳೇ.

ನಾನೇ ಬರಲೇ? ಬೀಗರ ಮನೆಯಲ್ಲಿ ಹೋಗಿ ಕೂತು ಬಾಣಂತನ ಮಾಡುವುದು ನಮ್ಮಲ್ಲಿಲ್ಲ. ನಾಲ್ಕು ಜನ ಆಡಿಕೊಳ್ಳುತ್ತಾರೆ. ನಿಮ್ಮತ್ತೆಯವರನ್ನು ಕೇಳು. ಅವರು ಬೇಡವೆಂದರೆ ನನಗೆ ಬೇಜಾರಿಲ್ಲ, ಉಂಡೆ ಕಟ್ಟಿ ಕಳಿಸುತ್ತೇನೆ. ಹ್ಞೂಂ ಎಂದರೆ, ಈ ಒಂದು ಸಲ ಬರೀ ‘ಹ್ಞೂಂ’ ಎಂದು ಬರೆದರೂ ಸಾಕು.

ಅತ್ತೆ

*

ಕಾಟನ್‌ಪೇಟೆ
೨೮ ನವೆಂಬರ್ ೨೦೨೪

ಅಕ್ಕನಿಗೆ,

ನಾನು, ಶಂಭುಲಿಂಗಪ್ಪ. ಕಾಗದ ಬರೆದು ರೂಢಿಯಿಲ್ಲ. ನೀನು ತುಮಕೂರಿಗೆ ಹೋಗಿ ಒಂದೂವರೆ ತಿಂಗಳಾಗುತ್ತಾ ಬಂತು. ಬೀಗರು ಚೆನ್ನಾಗಿ ನೋಡಿಕೊಳ್ಳುತ್ತಾರೆ ಎಂದು ಕೈಲಾಸ್ ಹೇಳಿದರು. ಮಗುವಿಗೆ ನೀನು ನೀರು ಹಾಕಿದರೆ ಮಾತ್ರ ಅಳುವುದಿಲ್ಲವಂತೆ. ಸರಿ.

ಮಗುವಿನ ಲಿಂಗಧಾರಣೆಗೆ ಬಂದಿದ್ದೆನಲ್ಲ. ಅವತ್ತು ನಾನು ಎರಡು ಸಲ ಸ್ನಾನ ಮಾಡಿ, ಹೊಸ ಅಂಗಿ ಹಾಕಿಕೊಂಡು ಬಂದಿದ್ದೆ. ಮಗುವನ್ನು ನನ್ನ ಕೈಗೆ ಕೊಡುವಾಗ ರಂಜಿ ನಗುತ್ತಲೇ ಇದ್ದಳು. ಆದರೆ ಉಸಿರು ಬಿಗಿಹಿಡಿದಿದ್ದಳು. ಅವಳಿಗೇ ಗೊತ್ತಾಗಿರಲಿಕ್ಕಿಲ್ಲ. ನನಗೆ ಕಂಡಿತು. ಬಸ್ಸಿಗೆ ಹೊತ್ತಾಯಿತು ಎಂದು ಎದ್ದದ್ದು ಅದಕ್ಕೇ. ಬಸ್ಸು ಗಂಟೆಗೆ ನಾಲ್ಕಿವೆ.

ಮನೆಗೆ ಬಂದು ಮಾರನೇ ದಿನ ಒಲೆ ಹಚ್ಚಲು ಹೋದೆ. ಅಭ್ಯಾಸಬಲ, “ಕಿಟಕಿ!” ಎಂದು ಕೂಗಿದೆ. ಯಾರೂ ಹಾಕಲಿಲ್ಲ. ಯಾರಿದ್ದಾರೆ ಹಾಕಲು? ಮೊದಲು ರಂಜಿಯ ಅಮ್ಮ ಹಾಕುತ್ತಿದ್ದಳು. ಆಮೇಲೆ ನೀನು. ಆಮೇಲೆ ರಂಜಿ ಓಡಿಹೋಗಿ ಹಾಕುತ್ತಿದ್ದಳು, ಕೈ ಎಟುಕದೆ ಸ್ಟೂಲು ಎಳೆದುಕೊಂಡು. ನಲವತ್ತು ವರ್ಷ ನಾನು ಕೂಗಿದ್ದೇನೆ. ಯಾಕೆ ಕೂಗುತ್ತೇನೆ ಎಂದು ಯೋಚಿಸಿದ್ದು ಅವತ್ತು. ಬೆಂಕಿಕಡ್ಡಿ ಕೈಯಲ್ಲೇ ಸುಟ್ಟಿತು.

ಬಿಟ್ಟುಬಿಟ್ಟೆ ಎಂದು ದೊಡ್ಡದಾಗಿ ಬರೆಯಲಾರೆ. ಹಚ್ಚಲು ಆಗುತ್ತಿಲ್ಲ. ವರದರಾಜ ಬಂದಿದ್ದ, ಅವನಿಗೂ ಮೂಟೆ ಕೊಡಲಿಲ್ಲ. ಹೊಗೆ ಸೋಸುವ ಯಂತ್ರ ಇಟ್ಟುಕೊಂಡ ಕಾರ್ಖಾನೆ ಒಂದಿದೆಯಂತೆ, ಅಂಚುಗಳನ್ನು ಹಾಗೇ ಕೊಳ್ಳುತ್ತಾರಂತೆ. ನಮಗೆ ಸಿಗುವುದು ಅರ್ಧಕ್ಕಿಂತ ಕಡಿಮೆ. ನೋಡದೆ ಕೊಡುವುದಿಲ್ಲ. ಸೋಮವಾರ ಹೋಗಿ, ಯಂತ್ರಕ್ಕಿಂತ ಮುಂಚೆ ಅದರ ಅಕ್ಕಪಕ್ಕ ಯಾರಿದ್ದಾರೆ ಎಂದು ಸುತ್ತಿ ಬರುತ್ತೇನೆ. ಆಗದಿದ್ದರೆ, ಒಳ್ಳೆಯ ಸೀರೆಗಳನ್ನು ಕತ್ತರಿಸದೆ ಮಾರಲು ನೀನು ಹಿಂದೆಯೇ ಹೇಳಿದ್ದೆ. ಅದನ್ನೂ ನೋಡೋಣ. ಹೊಟ್ಟೆ ಸಣ್ಣದು ಮಾಡಿಕೊಂಡರಾಯಿತು.

ಆ ಹಳ್ಳದ ಕೂಸನ್ನೂ ತಾಯಿಯನ್ನೂ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದೆ. ಔಷಧ ಕೊಟ್ಟರು. ಹೊಗೆಯಿಂದ ದೂರ ಇಡಿ ಎಂದು ಆಕೆಗೆ ಹೇಳಿದರು. ಆಕೆ ನನ್ನ ಮುಖ ನೋಡಿದಳು. ನಮ್ಮದು ನಿಂತರೂ ಆ ಗುಡ್ಡ ಅಲ್ಲೇ ಇದೆ.

ಇದನ್ನು ರಂಜಿಗೆ ಓದಿ ಹೇಳು. ಅವಳಿಗೇ ಬರೆಯಬೇಕೆಂದು ಕುಳಿತರೆ ಹೆಸರಿನಿಂದ ಮುಂದಕ್ಕೆ ಹೋಗುತ್ತಿಲ್ಲ.

ಮದುವೆಯಾದಮೇಲೆ ಅವಳು ಬರುವ ದಿನವನ್ನು ಮೊದಲೇ ತಿಳಿಸುತ್ತಿದ್ದಳು, ನಾನು ಆ ದಿನ ಒಲೆ ಹಚ್ಚದಿರಲಿ ಎಂದು. ಒಂದು ದಿನ ಹಚ್ಚುತ್ತಿರಲಿಲ್ಲ, ಮಾರನೇ ದಿನ ಹಚ್ಚುತ್ತಿದ್ದೆ. ಇನ್ನು ಮೇಲೆ ತಿಳಿಸಬೇಡಿ. ಯಾವತ್ತು ಬೇಕಾದರೂ ಬನ್ನಿ.

ನಿನ್ನ ತಮ್ಮ
ಶಂಭು